ಮೊದಲ ಲ್ಯಾಪ್‌ನಲ್ಲೇ ಕೆಟ್ಟುಹೋದ ರೇಸನ್ನು ಕೊನೆಯವರೆಗೆ ಓಡಿಸಬೇಕಾ?

ಪ್ರಶ್ನೆ: ಎರಡು ವರ್ಷದಿಂದ ಆನ್‌ಲೈನ್ ಸಿಮ್ ರೇಸಿಂಗ್ (ಸ್ಟೀರಿಂಗ್, ಪೆಡಲ್ ಜೋಡಿಸಿಕೊಂಡು ಪರದೆಯ ಮೇಲೆ ನಿಜವಾದ ಕಾರ್ ರೇಸಿನಂತೆ ಆಡುವುದು) ಮಾಡುತ್ತಿದ್ದೇನೆ. ಕಳೆದ ವಾರ ನಮ್ಮ ಲೀಗ್‌ನಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಜಿಟಿ3 ಅನ್ನುವ ವರ್ಗದ ಸ್ಪೋರ್ಟ್ಸ್ ಕಾರುಗಳ ಒಂದು ಗಂಟೆಯ ರೇಸ್ ಇತ್ತು. ಅದಕ್ಕಾಗಿ ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದೆ. ಹೊರಡುವ ಸ್ಥಾನ ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲಿ 24 ಕಾರುಗಳಲ್ಲಿ 4ನೆಯವನಾದೆ. ಮೊದಲ ತಿರುವಿನಲ್ಲೇ ಹಿಂದಿನಿಂದ ಒಬ್ಬರು ಗುದ್ದಿದರು. ಸ್ಪಿನ್ ಆಗಿ 17ಕ್ಕೆ ಬಿದ್ದೆ. ಮೂರನೇ ಲ್ಯಾಪ್‌ನಲ್ಲಿ ಲೆ ಕೋಂಬ್ ತಿರುವಿನಲ್ಲಿ ಒಬ್ಬರನ್ನು ಹಿಂದಿಕ್ಕಲು ಹೋಗಿ ನಾನೇ ಕಂಟ್ರೋಲ್ ತಪ್ಪಿ ತಡೆಗೋಡೆಗೆ ಹೊಡೆದೆ. ಟ್ರ್ಯಾಕ್ ಪಕ್ಕದ ಪಿಟ್‌ನಲ್ಲಿ ರಿಪೇರಿಗೆ ಒಂದೂವರೆ ನಿಮಿಷ ಹೋಯಿತು. ವಾಯ್ಸ್ ಚಾಟ್‌ನಲ್ಲಿ ಸ್ನೇಹಿತರು 'ಬಿಟ್ಟುಬಿಡು, ಇನ್ನೇನಿದೆ' ಅಂದರು. ನಾನು ಬಿಡಲಿಲ್ಲ. ಒಂದು ಲ್ಯಾಪ್ ಹಿಂದೆ ಉಳಿದು 19ನೆಯವನಾಗಿ ಮುಗಿಸಿದೆ. ನನ್ನ ಹಿಂದಿದ್ದ ಐವರೂ ಅರ್ಧದಲ್ಲಿ ಬಿಟ್ಟವರು. ಇಬ್ಬರು ಮೊದಲ ಲ್ಯಾಪ್‌ನಲ್ಲೇ ಹೋದರು, ಮೂವರು ರೇಸಿನ ನಡುವೆ. ರಿಪೇರಿ ಆದಮೇಲೆ ನನ್ನ ಲ್ಯಾಪ್‌ಗಳೆಲ್ಲ 2:19.0ರಿಂದ 2:19.6ರ ಒಳಗೇ ಇದ್ದವು, ಆದರೆ ಅದಕ್ಕೇನು ಬೆಲೆ? ಪಾಯಿಂಟ್ ಸೊನ್ನೆ. ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. 'ಮೋಜಿಗೆ ಆಡೋದಲ್ವಾ, ಇಷ್ಟು ಬೇಜಾರು ಯಾಕೆ' ಅಂತ ಹೆಂಡತಿ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಕೊನೆಯವರೆಗೆ ಓಡಿಸಿದ್ದು ದಡ್ಡತನವಾ? ಅಧಿಕೃತ ಆನ್‌ಲೈನ್ ರೇಸ್‌ಗಳಲ್ಲಿ ಹೀಗಾದಾಗ ರೇಟಿಂಗ್ ಉಳಿಸಿಕೊಳ್ಳಲು ಬೇಗ ಬಿಟ್ಟುಬಿಡುತ್ತೇನೆ, ಅದು ಸರಿಯಾ? ಡೈರೆಕ್ಟ್ ಡ್ರೈವ್ ವೀಲ್ (ಮೋಟರಿಗೇ ನೇರ ಜೋಡಿಸಿದ ಸ್ಟೀರಿಂಗ್), ಲೋಡ್ ಸೆಲ್ ಪೆಡಲ್ ತೆಗೆದುಕೊಂಡರೆ ಇದು ಸುಧಾರಿಸುತ್ತದಾ? ಮೂರು ವಾರದಲ್ಲಿ ಇಟಲಿಯ ಮೊಂಜಾ ಟ್ರ್ಯಾಕ್‌ನ ರೌಂಡ್ ಇದೆ. ಹೋಗಲಾ, ಬೇಡವಾ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ನಾಲ್ಕು. ಒಳಗೆ ಕೊರೆಯುತ್ತಿರುವುದು ಮಾತ್ರ ಒಂದೇ ಅನಿಸುತ್ತದೆ. ಎರಡು ತಿಂಗಳ ದುಡಿಮೆ ಮೂರು ಲ್ಯಾಪ್‌ನಲ್ಲಿ ಹೋಯಿತು, ಆಮೇಲೆ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಓಡಿಸಿದ್ದು ಬರೀ ಹಠವಾ ಅಂತ. ನನ್ನ ಪ್ರಕಾರ ನೀವು ಮುಗಿಸಿದ್ದು ಸರಿ. ಆದರೆ ಛಲ ಬಿಡಬಾರದು ಅನ್ನುವ ಕಾರಣಕ್ಕಲ್ಲ. ಸಿಮ್ ಡ್ರೈವರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ, ಲೀಗ್‌ಗಳಲ್ಲಿ ಸ್ಟ್ಯೂವರ್ಡ್ ಆಗಿ ರಿಪ್ಲೇ ನೋಡಿ ತೀರ್ಪು ಕೊಡುವುದೂ ಇದೆ. ಎರಡೂ ಕಡೆ ನನಗೆ ಕಾಣುವುದು ಒಂದೇ. ವೇಗವಾಗಿ ಓಡಿಸುವುದು ಒಂದು ವಿದ್ಯೆ, ರೇಸ್ ಮುಗಿಸುವುದು ಇನ್ನೊಂದು. ಖಾಲಿ ಟ್ರ್ಯಾಕ್‌ನಲ್ಲಿ ಹಾಟ್ ಲ್ಯಾಪ್, ಅಂದರೆ ಪೂರ್ತಿ ವೇಗದ ಒಂಟಿ ಲ್ಯಾಪ್, ಹೊಡೆದು ಎರಡನೆಯದನ್ನು ಕಲಿಯಲು ಆಗುವುದಿಲ್ಲ. ನಿಮ್ಮ ಎರಡು ತಿಂಗಳು ಪೂರ್ತಿ ಮೊದಲನೆಯದಕ್ಕೆ ಹೋಗಿವೆ. ಎರಡನೆಯದರ ಪಾಠ ಆ ರಾತ್ರಿ ನಾಲ್ಕನೇ ಲ್ಯಾಪ್‌ನಿಂದ ಶುರುವಾಯಿತು.

ಮೊದಲು ಆ ಎರಡು ಅಪಘಾತಗಳನ್ನು ಬೇರೆ ಬೇರೆ ಮಾಡೋಣ. ನಿಮ್ಮ ಮನಸ್ಸಿನಲ್ಲಿ ಎರಡೂ ಸೇರಿ 'ನನ್ನ ದುರದೃಷ್ಟ' ಅನ್ನುವ ಒಂದೇ ಉಂಡೆ ಆಗಿಬಿಟ್ಟಿದೆ.

ಲಾ ಸೂರ್ಸ್, ಅಂದರೆ ಸ್ಪಾದ ಮೊದಲ ತಿರುವು, ತುಂಬಾ ಬಿಗಿ. ಸ್ಟಾರ್ಟ್ ಗೆರೆಯಿಂದ ಅಲ್ಲಿಗೆ ದೂರವೂ ಕಡಿಮೆ. ಎಲ್ಲರ ಟೈರು, ಬ್ರೇಕು ಇನ್ನೂ ಬಿಸಿಯಾಗಿರುವುದಿಲ್ಲ. ಟ್ಯಾಂಕ್ ತುಂಬಿರುವುದರಿಂದ ಕಾರು ಭಾರ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಹಿಂದಿನ ಕಾರಿಗೆ ಎದುರುಗಾಳಿ ಕಡಿಮೆ, ಹಾಗಾಗಿ ಅದು ತಿರುವಿಗೆ ಬರುವಾಗ ಪ್ರಾಕ್ಟೀಸ್‌ಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಅದೇ ಕಾರಣಕ್ಕೆ ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಮಾತ್ರ ಕಡಿಮೆ. ಇಷ್ಟೆಲ್ಲ ಸೇರಿದಾಗ ಪ್ರಾಕ್ಟೀಸ್‌ನ ಬ್ರೇಕಿಂಗ್ ಗುರುತು ಕೆಲಸಕ್ಕೆ ಬರುವುದಿಲ್ಲ. ಮುಂದಿನವರು ಸ್ವಲ್ಪ ಬೇಗ ಬ್ರೇಕ್ ಹಾಕುತ್ತಾರೆ, ಅವರ ಹಿಂದಿನವರು ಇನ್ನೂ ಬೇಗ ಹಾಕಬೇಕಾಗುತ್ತದೆ, ಐದಾರು ಕಾರು ಹಿಂದಿರುವವರಿಗೆ ಜಾಗವೇ ಉಳಿದಿರುವುದಿಲ್ಲ.

ಇದರ ಮೇಲೆ ಇಂಟರ್‌ನೆಟ್ ಬೇರೆ. ಗಂಟೆಗೆ 200 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಇಬ್ಬರ ನಡುವೆ ಮಾಹಿತಿ ತಲುಪಲು 100 ಮಿಲಿಸೆಕೆಂಡ್ ತಡವಾದರೆ ಅಷ್ಟರಲ್ಲಿ ಕಾರು ಐದೂವರೆ ಮೀಟರ್ ಹೋಗಿರುತ್ತದೆ. ಒಂದು ಜಿಟಿ3 ಕಾರಿನ ಉದ್ದಕ್ಕಿಂತ ಅದು ಜಾಸ್ತಿ. ನೀವು ಬ್ರೇಕ್ ಒತ್ತಿದ ಸುದ್ದಿ ಹಿಂದಿನವರ ಕಂಪ್ಯೂಟರಿಗೆ ತಡವಾಗಿ ಸಿಗುತ್ತದೆ. ಅಲ್ಲಿಯವರೆಗೆ ಸಾಫ್ಟ್‌ವೇರ್ ನಿಮ್ಮ ಕಾರು ಹಳೇ ವೇಗದಲ್ಲೇ ಇದೆ ಅಂತ ಊಹಿಸಿ ತೋರಿಸುತ್ತದೆ. ಸುದ್ದಿ ಬಂದ ಕೂಡಲೇ ಅವರ ಪರದೆಯ ಮೇಲೆ ನಿಮ್ಮ ಕಾರು ಹಿಂದಕ್ಕೆ ಜಿಗಿದ ಹಾಗೆ ಕಾಣುತ್ತದೆ. ನಿಮ್ಮ ಪರದೆಯಲ್ಲಿ ಅವರು ಬೇಕೆಂದೇ ಗುದ್ದಿದರು, ಅವರ ಪರದೆಯಲ್ಲಿ ನೀವು ಏಕಾಏಕಿ ನಿಂತಿರಿ. ಸ್ಟ್ಯೂವರ್ಡ್ ಕುರ್ಚಿಯಲ್ಲಿ ಕುಳಿತು ನೋಡಿದರೆ ಹಲವು ಸಲ ಇಬ್ಬರು ಹೇಳುವುದೂ ನಿಜವೇ ಆಗಿರುತ್ತದೆ.

ಹಾಗಂತ ಗುದ್ದಿದವರ ತಪ್ಪಿಲ್ಲ ಎನ್ನುತ್ತಿಲ್ಲ. ಮೊದಲ ಲ್ಯಾಪ್‌ನಲ್ಲಿ ಮುಂದಿನ ಕಾರಿಗೆ ಜಾಗ ಬಿಡುವ ಹೊಣೆ ಹಿಂದಿನವರದೇ. ನಿಮ್ಮ ಪಾಲು ಇದ್ದರೆ ಅದು ಚಿಕ್ಕದು. ನಾಲ್ಕನೇ ಸ್ಥಾನದಿಂದ ಹೊರಡುವವರು ಯಾರ ನಡುವೆ ಇರುತ್ತಾರೆ ಅಂತ ಯೋಚಿಸಿದ್ದೀರಾ? ಒಂಟಿ ಲ್ಯಾಪ್‌ನಲ್ಲಿ ನಿಮ್ಮಷ್ಟೇ ವೇಗ ಇದ್ದು, ಗುಂಪಿನಲ್ಲಿ ಓಡಿಸಿ ನಿಮಗಿಂತ ಹೆಚ್ಚು ಪಳಗಿದವರ ನಡುವೆ. ಕ್ವಾಲಿಫೈಯಿಂಗ್ ನಿಮ್ಮನ್ನು ಅಲ್ಲಿಗೆ ತಂದು ನಿಲ್ಲಿಸಿತು. ಅಲ್ಲಿ ಉಳಿದುಕೊಳ್ಳುವ ಅಭ್ಯಾಸ ನಿಮಗಿನ್ನೂ ಆಗಿರಲಿಲ್ಲ.

ಎರಡನೆಯ ಅಪಘಾತವನ್ನು ನೀವೇ ಒಪ್ಪಿಕೊಂಡಿದ್ದೀರಿ, ಅದನ್ನು ನಾನು ಎಳೆಯುವುದಿಲ್ಲ. ಅದು ಯಾಕಾಯಿತು ಅನ್ನುವುದನ್ನಷ್ಟೇ ಹೇಳಬೇಕು. ಬಹಳ ಜನ ಇದನ್ನು 'ಏಕಾಗ್ರತೆ ತಪ್ಪಿತು' ಅಂತ ಹೇಳಿ ಮುಗಿಸಿಬಿಡುತ್ತಾರೆ.

ಗುದ್ದಿಸಿಕೊಂಡ ಕಾರು ನೀವು ಎರಡು ತಿಂಗಳು ಓಡಿಸಿದ ಕಾರಲ್ಲ. ಹಿಂದಿನ ರೆಕ್ಕೆಗೋ ಕಾರಿನ ತಳದ ಹಿಂಭಾಗದ ಡಿಫ್ಯೂಸರ್‌ಗೋ ಪೆಟ್ಟು ಬಿದ್ದಿದ್ದರೆ ಡೌನ್‌ಫೋರ್ಸ್ ಕಡಿಮೆಯಾಗಿರುತ್ತದೆ. ಸ್ಪಿನ್ ಆಗಿ ಹೊರಗೆ ಹೋಗಿದ್ದರೆ ಟೈರಿಗೆ ಮಣ್ಣು ಮೆತ್ತಿರುತ್ತದೆ, ಕೆಲವು ತಿರುವು ಕಳೆಯುವವರೆಗೆ ಹಿಡಿತ ಸಿಗುವುದಿಲ್ಲ. ಸಸ್ಪೆನ್ಷನ್ ಬಾಗಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಕೆಮೆಲ್ ಸ್ಟ್ರೇಟ್ ಸ್ಪಾದಲ್ಲಿ ಅತಿ ವೇಗದ ಜಾಗಗಳಲ್ಲಿ ಒಂದು. ಅದರ ಕೊನೆಯಲ್ಲೇ ಲೆ ಕೋಂಬ್. ಅಲ್ಲಿ ಹಳೇ ಗುರುತಿನಲ್ಲೇ ಬ್ರೇಕ್ ಒತ್ತಿದರೆ ಕಾರು ನಿಲ್ಲುವುದಿಲ್ಲ. ನೀವು ಹಿಂದಿಕ್ಕುವ ಆತುರದಲ್ಲಿ ಆ ಗುರುತಿಗಿಂತಲೂ ತಡವಾಗಿ ಒತ್ತಿರುತ್ತೀರಿ. ಟೆಲಿಮೆಟ್ರಿ (ವೇಗ, ಬ್ರೇಕ್ ಇತ್ಯಾದಿಗಳ ದಾಖಲೆ) ಇದ್ದರೆ ತೆಗೆದು ನೋಡಿ, ನಾನು ಹೇಳಿದ್ದು ಹೌದೋ ಅಲ್ಲವೋ ಗೊತ್ತಾಗುತ್ತದೆ.

ಇನ್ನು ಮೈ. ಗುದ್ದಿಸಿಕೊಂಡ ತಕ್ಷಣ ಎದೆಬಡಿತ ಏರುತ್ತದೆ, ಕೈ ಬಿಗಿಯಾಗುತ್ತದೆ. ಸ್ಟೀರಿಂಗನ್ನು ಹಿಚುಕಿ ಹಿಡಿದರೆ ಫೋರ್ಸ್ ಫೀಡ್‌ಬ್ಯಾಕ್ (ಸ್ಟೀರಿಂಗ್ ಕೈಗೆ ಕೊಡುವ ಸೆಳೆತ) ಹೇಳುವುದು ಕೈಗೆ ತಿಳಿಯುವುದಿಲ್ಲ. ಕಾಲು ಪೆಡಲನ್ನು ಜೋರಾಗಿ ಒತ್ತುತ್ತದೆ. ಕಣ್ಣು ಮುಂದಿನ ಕಾರಿಗೆ ಅಂಟಿಕೊಳ್ಳುತ್ತದೆ, ತಿರುವನ್ನು ನೋಡುವುದನ್ನೇ ಬಿಡುತ್ತದೆ. ಇದು ಇಳಿಯಲು ಕೆಲವು ನಿಮಿಷ ಬೇಕು. ಸ್ಪಾದಲ್ಲಿ ಒಂದು ಲ್ಯಾಪ್‌ಗೇ ಎರಡು ನಿಮಿಷಕ್ಕಿಂತ ಜಾಸ್ತಿ ಆಗುತ್ತದೆ ಅನ್ನುವುದನ್ನು ನೆನಪಿಡಿ. ರಿಪ್ಲೇ ನೋಡುವಾಗ ನನಗೆ ಮತ್ತೆ ಮತ್ತೆ ಸಿಗುವ ಮಾದರಿ ಇದು. ಮೊದಲನೆಯ ಅಪಘಾತ ಬೇರೆಯವರಿಂದ, ಎರಡನೆಯದು ಅದಾದ ಸ್ವಲ್ಪ ಹೊತ್ತಿಗೆ ಸ್ವಂತದ್ದು. ರೇಸನ್ನು ನಿಜವಾಗಿ ಹಾಳು ಮಾಡುವುದು ಸಾಮಾನ್ಯವಾಗಿ ಎರಡನೆಯದೇ. ನಿಮ್ಮದನ್ನೇ ನೋಡಿ. 17ನೇ ಸ್ಥಾನದಲ್ಲಿದ್ದಾಗ ಕೈಯಲ್ಲಿ ಇನ್ನೂ 55 ನಿಮಿಷಕ್ಕೂ ಹೆಚ್ಚು ಇತ್ತು, ಎಲ್ಲರೂ ಒಂದೇ ಲ್ಯಾಪ್‌ನಲ್ಲಿದ್ದರು. ಕಾರು ಓಡುವ ಸ್ಥಿತಿಯಲ್ಲಿದ್ದಿದ್ದರೆ ಹತ್ತರ ಆಸುಪಾಸಿಗೆ ಬರಬಹುದಿತ್ತು. ಒಂದು ಲ್ಯಾಪ್ ಹಿಂದೆ ಬಿದ್ದದ್ದು ಲೆ ಕೋಂಬ್‌ನಿಂದ, ಲಾ ಸೂರ್ಸ್‌ನಿಂದಲ್ಲ.

ಈಗ ನೀವು 'ಅದಕ್ಕೇನು ಬೆಲೆ' ಅಂತ ಒಂದು ಸಾಲಿನಲ್ಲಿ ತಳ್ಳಿಹಾಕಿದ ವಿಷಯಕ್ಕೆ ಬರುತ್ತೇನೆ. ನಿಮ್ಮ ಇಡೀ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅದೇ. ರಿಪೇರಿಯಾದ ಮೇಲೆ ಇಪ್ಪತ್ತರಷ್ಟು ಲ್ಯಾಪ್, ಎಲ್ಲವೂ 0.6 ಸೆಕೆಂಡಿನ ಒಳಗೆ. ಸ್ಪಾದ ಉದ್ದ 7.004 ಕಿಲೋಮೀಟರ್. ಅಂದರೆ ಸುಮಾರು 140 ಕಿಲೋಮೀಟರ್ ದೂರ, ನೂರಾರು ತಿರುವು, ನಡುನಡುವೆ ನಿಮ್ಮನ್ನು ದಾಟಿಹೋಗುವ ಮುಂಚೂಣಿಯ ಕಾರುಗಳು. ಕಾರು ಪೂರ್ತಿ ಸರಿ ಇತ್ತೋ ಇಲ್ಲವೋ. ಇಷ್ಟಾದರೂ ಏರುಪೇರು ಇಷ್ಟೇ! ನಿಮ್ಮ ಎರಡು ತಿಂಗಳ ಪ್ರಾಕ್ಟೀಸ್‌ನಿಂದ ಸತತ ಇಪ್ಪತ್ತು ಲ್ಯಾಪ್ ತೆಗೆದು ಇದರ ಪಕ್ಕ ಇಟ್ಟು ನೋಡಿ. ಒಂದು ಪ್ರಚಂಡ ಲ್ಯಾಪ್, ಮುಂದಿನದು ಹೊರಗೆ, ಅದರ ಮುಂದಿನದು ಕ್ಯಾನ್ಸಲ್. ಪ್ರಾಕ್ಟೀಸ್ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ, ಯಾಕೆಂದರೆ ಅಲ್ಲಿ ಕೆಟ್ಟ ಲ್ಯಾಪನ್ನು ಎಸೆಯಬಹುದು.

ಗೆಲ್ಲುವ ಆಸೆ ಹೋದಮೇಲೆ ನೀವು ಶಾಂತವಾಗಿ ಓಡಿಸಿದಿರಿ, ಅದಕ್ಕೇ ಹಾಗಾಯಿತು ಅಂತ ನೀವು ಹೇಳಬಹುದು. ಹೌದು, ಒಪ್ಪುತ್ತೇನೆ. ಆದರೆ ಅದೇ ವೇಗ 7ನೇ ಅಥವಾ 8ನೇ ಸ್ಥಾನದಲ್ಲಿದ್ದಾಗಲೂ ನಿಮ್ಮ ಕೈಯಲ್ಲಿರುತ್ತದೆ. ಅಷ್ಟು ಸಲೀಸಾಗಿ ಓಡಿಸಲು ಆಗುತ್ತದೆ ಅಂತ ನಿಮಗೆ ಈಗ ಗೊತ್ತು. ಆ ರಾತ್ರಿ ಪಿಟ್‌ನಲ್ಲೇ ಬಿಟ್ಟು ಹೋಗಿದ್ದರೆ ನಿಮ್ಮ ಬಗ್ಗೆ ನಿಮಗೆ ತಿಳಿದಿರುತ್ತಿದ್ದದ್ದು ಎರಡೇ ಸಂಗತಿ: ಕ್ವಾಲಿಫೈಯಿಂಗ್ ಚೆನ್ನಾಗಿ ಮಾಡುತ್ತೀರಿ, ಬೇಗ ಗುದ್ದುತ್ತೀರಿ.

ಇನ್ನು ರೇಟಿಂಗ್ ವಿಚಾರ. ಬೇಗ ಬಿಟ್ಟರೆ ರೇಟಿಂಗ್ ಉಳಿಯುತ್ತದೆ ಅನ್ನುವುದು ತುಂಬಾ ಹಳೆಯ, ತುಂಬಾ ಗಟ್ಟಿಯಾದ ತಪ್ಪು ನಂಬಿಕೆ. ನೀವು ಯಾವ ಸಿಮ್ (ರೇಸಿಂಗ್ ಸಾಫ್ಟ್‌ವೇರ್) ಬಳಸುತ್ತೀರಿ ಅಂತ ಬರೆದಿಲ್ಲ. ಹೆಚ್ಚು ಜನರಿಗೆ ಗೊತ್ತಿರುವ ಐರೇಸಿಂಗ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಲ್ಲಿ ಎರಡು ಅಳತೆ ಇವೆ. ಐರೇಟಿಂಗ್ ನೀವು ಯಾರ ವಿರುದ್ಧ ಎಷ್ಟನೆಯವರಾಗಿ ಮುಗಿಸಿದಿರಿ ಅನ್ನುವುದರ ಮೇಲೆ ಏರಿಳಿಯುತ್ತದೆ. ರೇಸ್ ಶುರುವಾದ ಮೇಲೆ ಬಿಟ್ಟರೆ, ಸಂಪರ್ಕ ಕಡಿದರೂ ಕೂಡ, ನೀವು ಪೂರೈಸಿದ ಲ್ಯಾಪ್‌ಗಳ ಪ್ರಕಾರ ನಿಮ್ಮ ಸ್ಥಾನ ನಿಗದಿಯಾಗುತ್ತದೆ. ಬಿಟ್ಟವರಿಗೆ ವಿನಾಯಿತಿ ಇಲ್ಲ. ನಿಮ್ಮ ಸ್ಪಾ ರೇಸಿನ ಲೆಕ್ಕವನ್ನೇ ಹಾಕಿ. ನಾಲ್ಕನೇ ಲ್ಯಾಪ್‌ನಲ್ಲಿ ಬಿಟ್ಟಿದ್ದರೆ 22ನೆಯವರು, ಮುಗಿಸಿದ್ದಕ್ಕೆ 19. ಮೂರು ಸ್ಥಾನ. ದೊಡ್ಡದೇನಲ್ಲ ನಿಜ. ಆದರೆ ವರ್ಷವಿಡೀ ಪ್ರತಿ ಕೆಟ್ಟ ರೇಸಿನಲ್ಲೂ ಆ ಎರಡು ಮೂರು ಸ್ಥಾನ ಬಿಟ್ಟುಕೊಡುತ್ತಾ ಬಂದರೆ ರೇಟಿಂಗ್ ಎಲ್ಲಿ ಸೋರುತ್ತಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ.

ಎರಡನೆಯದು ಸೇಫ್ಟಿ ರೇಟಿಂಗ್. ಇಲ್ಲಿ ಬಿಡುವುದರಿಂದ ಆಗುವ ನಷ್ಟ ಇನ್ನೂ ಸ್ಪಷ್ಟ. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ 1, ಕಾರು ಕೈತಪ್ಪಿದರೆ 2, ಡಾಂಬರು ಟ್ರ್ಯಾಕ್‌ನಲ್ಲಿ ಇನ್ನೊಂದು ಕಾರಿಗೆ ಜೋರಾಗಿ ತಾಗಿದರೆ 4 ಇನ್ಸಿಡೆಂಟ್ ಅಂಕ ಸೇರುತ್ತದೆ. ತಪ್ಪು ಯಾರದು ಅಂತ ವ್ಯವಸ್ಥೆ ನೋಡುವುದಿಲ್ಲ, ಇಬ್ಬರಿಗೂ ಬೀಳುತ್ತದೆ. ಆದರೆ ರೇಟಿಂಗ್ ಲೆಕ್ಕ ಆಗುವುದು ಎಷ್ಟು ತಿರುವುಗಳಿಗೆ ಎಷ್ಟು ಇನ್ಸಿಡೆಂಟ್ ಅನ್ನುವ ಅನುಪಾತದ ಮೇಲೆ. ಗುದ್ದಿಸಿಕೊಂಡು ಹೊರಟುಹೋದರೆ ಅಂಕ ಮಾತ್ರ ಉಳಿಯುತ್ತದೆ, ಅದನ್ನು ತೆಳುವಾಗಿಸಬೇಕಾದ ತಿರುವುಗಳೇ ಇರುವುದಿಲ್ಲ. ಸ್ಪಾಗೆ ಹತ್ತೊಂಬತ್ತು ತಿರುವು ಅಂತ ಹಿಡಿದರೂ ಇಪ್ಪತ್ತು ಶುದ್ಧ ಲ್ಯಾಪ್‌ಗೆ 380 ಆಗುತ್ತದೆ. ಇಷ್ಟು ಹೇಳಿದಮೇಲೆ ಒಂದು ಮಾತು: ಅಲ್ಲಿ ಖಾಸಗಿ ಲೀಗ್ ರೇಸ್‌ಗಳು ಈ ಎರಡೂ ರೇಟಿಂಗ್‌ಗೆ ಸೇರುವುದಿಲ್ಲ. ಹಾಗಾಗಿ ಕಳೆದ ವಾರದ ಬಗ್ಗೆ ಆ ಚಿಂತೆ ಬೇಡ, ಅಧಿಕೃತ ರೇಸ್‌ಗಳಿಗೆ ಮಾತ್ರ ಇದನ್ನು ಅನ್ವಯಿಸಿ. ಬೇರೆ ಸಿಮ್ ಆದರೆ ಅದರ ನಿಯಮವನ್ನು ಒಮ್ಮೆ ಓದಿ. ಗ್ರ್ಯಾನ್ ಟುರಿಸ್ಮೋ 7ರಲ್ಲೂ ಡ್ರೈವರ್ ರೇಟಿಂಗ್, ಸ್ಪೋರ್ಟ್ಸ್‌ಮನ್‌ಶಿಪ್ ರೇಟಿಂಗ್ ಅಂತ ಎರಡು ಬೇರೆ ಬೇರೆ ಇವೆ.

ಇದರ ಎದುರು ತುದಿಯಲ್ಲೂ ಒಂದು ಭ್ರಮೆ ಇದೆ. ಬಿಡದೆ ಓಡಿಸಿದರೆ ಏನು ಬೇಕಾದರೂ ಆಗಬಹುದು ಅನ್ನುವುದು. ಅದಕ್ಕೆ ಎರಡು ಫಾರ್ಮುಲಾ ಒನ್ ರೇಸ್‌ಗಳನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. 1996ರ ಮೊನಾಕೊ ಗ್ರ್ಯಾಂಡ್ ಪ್ರಿಯಲ್ಲಿ 14ನೇ ಸ್ಥಾನದಿಂದ ಹೊರಟ ಒಲಿವಿಯರ್ ಪ್ಯಾನಿಸ್ ಗೆದ್ದರು, ಕೊನೆಗೆ ಓಡುತ್ತಿದ್ದದ್ದು ಮೂರೇ ಕಾರು. 2011ರ ಕೆನಡಾ ರೇಸಿನಲ್ಲಿ ಜೆನ್ಸನ್ ಬಟನ್ ಇಬ್ಬರ ಜೊತೆ ತಾಗಿಸಿಕೊಂಡು, ಆರು ಸಲ ಪಿಟ್ ಲೇನ್ ಹಾದು, ಒಂದು ಹಂತದಲ್ಲಿ ಎಲ್ಲರಿಗಿಂತ ಹಿಂದಿದ್ದರು. ಕೊನೆಯ ಲ್ಯಾಪ್‌ನಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ ಜಾರಿದಾಗ ಮುಂದೆ ಬಂದು ಗೆದ್ದರು. ಎರಡೂ ನಿಜ. ಆದರೆ ಎರಡೂ ಮಳೆಯ ರೇಸ್. ಕೆನಡಾದ ರೇಸಿನಲ್ಲಿ ಸೇಫ್ಟಿ ಕಾರು (ಅಪಾಯವಿದ್ದಾಗ ಎಲ್ಲರನ್ನೂ ನಿಧಾನಗೊಳಿಸಲು ಮುಂದೆ ಓಡುವ ಕಾರು) ಮತ್ತೆ ಮತ್ತೆ ಬಂದು ಎಲ್ಲರನ್ನೂ ಒಟ್ಟು ಸೇರಿಸಿತು, ಮಳೆಗೆ ರೇಸನ್ನೇ ನಿಲ್ಲಿಸಿದ್ದರಿಂದ ಒಟ್ಟು ನಾಲ್ಕು ಗಂಟೆಗೂ ಜಾಸ್ತಿ ಹಿಡಿಯಿತು. ಒಣ ಟ್ರ್ಯಾಕ್‌ನಲ್ಲಿ, ಸೇಫ್ಟಿ ಕಾರು ಇಲ್ಲದ ಒಂದು ಗಂಟೆಯ ಆನ್‌ಲೈನ್ ರೇಸಿನಲ್ಲಿ, ಒಂದು ಲ್ಯಾಪ್ ಹಿಂದೆ ಇರುವವರಿಗೆ ಪವಾಡ ನಡೆಯುವುದಿಲ್ಲ. ಅದನ್ನು ನಿರೀಕ್ಷಿಸಿ ಓಡಿಸಿದರೆ ಪ್ರತಿ ಲ್ಯಾಪೂ ಮತ್ತೊಂದು ನಿರಾಸೆ.

ಹಾಗಾದರೆ ಇಂಥ ಹೊತ್ತಿನಲ್ಲಿ ಮುಂದಿರುವ ದಾರಿಗಳೇನು? ಪೆಟ್ಟು ತಿಂದ ಕಾರಿನಲ್ಲೇ ಮುಂದುವರಿಯುವುದು ಒಂದು. ಪೆಟ್ಟು ಮೇಲುಮೇಲಿನದಾಗಿದ್ದರೆ, ಕಾರು ನೇರ ಹೋಗುತ್ತಿದ್ದರೆ ಇದೇ ಒಳ್ಳೆಯದು. ಕಡ್ಡಾಯ ಪಿಟ್ ಸ್ಟಾಪ್ ಹೇಗೂ ಇದ್ದರೆ ರಿಪೇರಿಯನ್ನು ಅದರ ಜೊತೆಗೇ ಸೇರಿಸಬಹುದು. ಅಪಾಯ ಏನೆಂದರೆ, ಕಾರು ಎಷ್ಟು ಬದಲಾಗಿದೆ ಅಂತ ತಿಳಿಯುವ ಮೊದಲೇ ಯಾರ ಜೊತೆಗಾದರೂ ಪೈಪೋಟಿಗೆ ಇಳಿಯುವುದು. ನಿಮಗೆ ಆದದ್ದು ಇದೇ. ತಕ್ಷಣ ಪಿಟ್‌ಗೆ ಹೋಗುವುದು ಇನ್ನೊಂದು. ಸ್ಟೀರಿಂಗ್ ಒಂದು ಕಡೆ ಎಳೆಯುತ್ತಿದ್ದರೆ, ಅಥವಾ ಕಪ್ಪು ಬಾವುಟದ ನಡುವೆ ಕಿತ್ತಳೆ ಚುಕ್ಕೆ ತೋರಿಸಿದರೆ, ಬೇರೆ ಯೋಚನೆ ಬೇಡ. ಆ ಬಾವುಟ ಬಂದಮೇಲೆ ರಿಪೇರಿ ಕಡ್ಡಾಯ. ಆದರೆ ಸಣ್ಣ ಪೆಟ್ಟಿಗೂ ಪೂರ್ತಿ ರಿಪೇರಿ ಮಾಡಿಸಿದರೆ ಸಿಗುವುದಕ್ಕಿಂತ ಕಳೆದುಕೊಳ್ಳುವುದು ಜಾಸ್ತಿ. ಲ್ಯಾಪ್‌ಗೆ ಒಂದು ಸೆಕೆಂಡ್ ನಿಧಾನ ಆಗುತ್ತಿದ್ದು, ಇಪ್ಪತ್ತು ಲ್ಯಾಪ್ ಉಳಿದಿದ್ದರೆ ನಷ್ಟ ಇಪ್ಪತ್ತು ಸೆಕೆಂಡ್. ಅದಕ್ಕೆ ತೊಂಬತ್ತು ಸೆಕೆಂಡಿನ ರಿಪೇರಿ ಯಾಕೆ? ಈ ಲೆಕ್ಕವನ್ನು ರೇಸಿಗೆ ಮೊದಲೇ ಬರೆದಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ.

ಮೂರನೆಯದು ಬಿಡುವುದು. ಇದು ಹೇಡಿತನ ಅಂತ ನಾನು ಎಂದೂ ಹೇಳುವುದಿಲ್ಲ. ನಿಮ್ಮ ಸಂಪರ್ಕ ಕುಂಟುತ್ತಿದ್ದು ಕಾರು ಬೇರೆಯವರ ಪರದೆಯಲ್ಲಿ ಆಚೀಚೆ ಜಿಗಿಯುತ್ತಿದ್ದರೆ ದಯವಿಟ್ಟು ಬಿಡಿ. ಕಾರು ನೇರ ಹೋಗದೆ ಬೇರೆಯವರಿಗೆ ಅಪಾಯ ಆಗುತ್ತಿದ್ದರೆ ಬಿಡಿ. ಮಣಿಕಟ್ಟು, ಬೆನ್ನು ನೋಯುತ್ತಿದ್ದರೆ, ವಿಆರ್ ಕನ್ನಡಕ ಹಾಕಿಕೊಂಡು ತಲೆ ಸುತ್ತುತ್ತಿದ್ದರೆ, ಮನೆಯಲ್ಲಿ ಯಾರಾದರೂ ಕರೆಯುತ್ತಿದ್ದರೆ ಬಿಡಿ. ಗುದ್ದಿದವರನ್ನು ಹುಡುಕಿ ವಾಪಸ್ ಗುದ್ದಬೇಕು ಅನಿಸುತ್ತಿದ್ದರೆ ಎಲ್ಲಕ್ಕಿಂತ ಮೊದಲು ಬಿಡಿ. ಆದರೆ ಬಿಡುವ ರೀತಿ ಒಂದಿದೆ. ಟ್ರ್ಯಾಕ್‌ನಿಂದ ಪಕ್ಕಕ್ಕೆ ತಂದು, ಪಿಟ್‌ಗೆ ಮರಳಿ, ಸುಮ್ನೆ ಹೊರಗೆ ಬನ್ನಿ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಸ್ಕಾರ್ ಕಾರ್ ರೇಸಿಂಗ್ ಚಾಲಕ ಬಬ್ಬಾ ವಾಲೆಸ್ ಐರೇಸಿಂಗ್‌ನ ಒಂದು ರೇಸಿನಲ್ಲಿ ಗುದ್ದಾಟವಾದ ಮೇಲೆ ಸಿಟ್ಟಿನಿಂದ ಬಿಟ್ಟು ಹೋದರು. ನೇರ ಪ್ರಸಾರದಲ್ಲಿ ಎಲ್ಲರೂ ನೋಡುತ್ತಿದ್ದರು. ಆ ರೇಸಿನಲ್ಲಿ ಅವರಿಗಿದ್ದ ಪ್ರಾಯೋಜಕರು ಅವರ ಕೈಬಿಟ್ಟರು. ನಮಗೆ ಪ್ರಾಯೋಜಕರು ಇಲ್ಲದಿರಬಹುದು. ಆದರೆ ಲೀಗ್‌ನವರು ನೋಡುತ್ತಿರುತ್ತಾರೆ.

ಬಿಡದೆ ಮುಂದುವರಿದರೆ ಗುರಿಯನ್ನು ಬದಲಾಯಿಸಲೇಬೇಕು. ಹಳೇ ಗುರಿ ಇಟ್ಟುಕೊಂಡು ಹಿಂದೆ ಓಡಿಸುವುದು ಬರೀ ಶಿಕ್ಷೆ. ನಾನು ತರಬೇತಿಯಲ್ಲಿ ಹೇಳುವುದು ಇಷ್ಟು. ಗುದ್ದಾಟವಾದ ನಂತರದ ಒಂದು ಪೂರ್ತಿ ಲ್ಯಾಪ್ ಯಾರನ್ನೂ ಹಿಂದಿಕ್ಕಬೇಡಿ. ಪ್ರತಿ ಬ್ರೇಕಿಂಗ್ ಗುರುತನ್ನೂ ಹಿಂದಕ್ಕೆ ತನ್ನಿ, ಕಾರು ಹೇಗೆ ನಿಲ್ಲುತ್ತದೆ, ಯಾವ ಕಡೆ ಎಳೆಯುತ್ತದೆ ಅಂತ ನೋಡಿ. ನೇರ ರಸ್ತೆ ಸಿಕ್ಕಾಗ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಿ, ಬೆರಳುಗಳನ್ನು ಸಡಿಲಿಸಿ. ಸ್ಪಾದಲ್ಲಿ ಕೆಮೆಲ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ವಾಯ್ಸ್ ಚಾಟ್ ಮ್ಯೂಟ್ ಮಾಡಿ. ನಿಮ್ಮ ಸ್ನೇಹಿತರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹತ್ತು ನಿಮಿಷ ಯಾರ ಮಾತೂ ಬೇಡ.

ಆಮೇಲೆ ಮುಂದಿರುವವರಲ್ಲಿ ಕೈಗೆ ಸಿಗಬಹುದಾದ ಒಂದು ಕಾರನ್ನು ಆರಿಸಿಕೊಳ್ಳಿ. 4ನೆಯವರನ್ನು ಮರೆತುಬಿಡಿ. 18ನೆಯವರು ಎಷ್ಟು ಸೆಕೆಂಡ್ ಮುಂದಿದ್ದಾರೆ, ಲ್ಯಾಪ್‌ಗೆ ಎಷ್ಟು ಹತ್ತಿರವಾಗುತ್ತಿದ್ದೀರಿ ಅನ್ನುವುದಷ್ಟೇ ರೇಸ್. ಅದೂ ಸಿಗದಷ್ಟು ದೂರವಿದ್ದರೆ ಲ್ಯಾಪ್ ಸಮಯದ ಏರುಪೇರನ್ನು ಕಡಿಮೆ ಮಾಡುವುದೇ ಗುರಿಯಾಗಲಿ, ಅಥವಾ ಇಂಧನ ಉಳಿಸುವುದನ್ನು ಕಲಿಯಿರಿ. ತಿರುವಿಗೆ ಸ್ವಲ್ಪ ಮೊದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಕಾರನ್ನು ಇದ್ದ ವೇಗದಲ್ಲೇ ಸ್ವಲ್ಪ ಸಾಗಲು ಬಿಟ್ಟು, ಆಮೇಲೆ ಬ್ರೇಕ್ ಹಾಕಿ. ದೀರ್ಘ ರೇಸ್‌ಗಳಲ್ಲಿ ಇದು ಒಂದು ಪಿಟ್ ಸ್ಟಾಪನ್ನೇ ಉಳಿಸಿಕೊಡಬಹುದು. ಪಣ ಏನೂ ಇಲ್ಲದ ಹೊತ್ತಿನಲ್ಲಿ ಕಲಿತರೆ ಪಣ ಇರುವಾಗ ಬರುತ್ತದೆ. ಹಿಂದಿನಿಂದ ಮುಂಚೂಣಿಯ ಕಾರು ಬಂದಾಗ ನೀಲಿ ಬಾವುಟ ಕಾಣುತ್ತದೆ. ಗಾಬರಿಯಿಂದ ಸಟ್ಟನೆ ಪಕ್ಕಕ್ಕೆ ಎಳೆಯಬೇಡಿ, ನಿಮ್ಮ ಗೆರೆಯಲ್ಲೇ ಇರಿ, ನೇರ ರಸ್ತೆಯಲ್ಲಿ ದಾರಿ ಬಿಡಿ. ಎಷ್ಟು ಹೊತ್ತಿನಲ್ಲಿ ದಾರಿ ಬಿಡಬೇಕು ಅನ್ನುವುದು ಲೀಗ್‌ನಿಂದ ಲೀಗ್‌ಗೆ ಬೇರೆ, ನಿಯಮ ನೋಡಿಕೊಳ್ಳಿ. ಸ್ಪಿನ್ ಆದರೆ ಬ್ರೇಕನ್ನು ಒತ್ತಿ ಹಿಡಿದು ಕಾರನ್ನು ನಿಲ್ಲಿಸಿ. ನಿಂತ ಕಾರನ್ನು ಬೇರೆಯವರು ತಪ್ಪಿಸಿಕೊಂಡು ಹೋಗಬಹುದು, ಹಿಂದಕ್ಕೆ ಉರುಳುವ ಕಾರನ್ನು ತಪ್ಪಿಸುವುದು ಕಷ್ಟ.

ರೇಸ್ ಮುಗಿದ ಮೇಲೆ ಜನ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ತಕ್ಷಣ ಇನ್ನೊಂದು ರೇಸಿಗೆ ಸೇರುವುದು, ಇಲ್ಲವೇ ಚಾಟ್‌ನಲ್ಲಿ ಜಗಳ. ಎರಡೂ ಬೇಡ. ಏರಿದ ಎದೆಬಡಿತದಲ್ಲೇ ಮುಂದಿನ ಮೊದಲ ತಿರುವಿಗೆ ಹೋದರೆ ಈ ಸಲ ಗುದ್ದುವವರು ನೀವೇ ಆಗಿರುತ್ತೀರಿ. ದೂರು ಕೊಡಬೇಕಿದ್ದರೆ ರಿಪ್ಲೇಯ ಸಮಯ ಬರೆದು, ಏನಾಯಿತು ಅನ್ನುವುದನ್ನು ಎರಡು ಸಾಲಿನಲ್ಲಿ ಹೇಳಿ, ಲೀಗ್ ಕೊಟ್ಟ ಗಡುವಿನೊಳಗೆ ಕಳಿಸಿ. 'ಬೇಕೆಂದೇ ಮಾಡಿದ್ದಾರೆ' ಅನ್ನುವ ಮಾತು ಬಿಟ್ಟುಬಿಡಿ, ಅದು ಸ್ಟ್ಯೂವರ್ಡ್‌ಗಳಿಗೆ ಸಹಾಯ ಮಾಡುವುದಿಲ್ಲ. ಕಳಿಸುವ ಮೊದಲು ಗುದ್ದಿದವರ ಕಾಕ್‌ಪಿಟ್‌ನಿಂದ ಅದೇ ರಿಪ್ಲೇ ಒಮ್ಮೆ ನೋಡಿ. ಎಷ್ಟೋ ದೂರುಗಳು ಅಲ್ಲೇ ನಿಂತುಹೋಗುತ್ತವೆ. ನಿಮ್ಮ ಲೀಗ್‌ನಲ್ಲಿ ಸೀಸನ್ನಿನ ಅತಿ ಕೆಟ್ಟ ಒಂದೆರಡು ಫಲಿತಾಂಶವನ್ನು ಲೆಕ್ಕದಿಂದ ಕೈಬಿಡುವ ನಿಯಮ ಇದೆಯಾ ಅಂತಲೂ ವಿಚಾರಿಸಿ. ಇದ್ದರೆ ಸ್ಪಾ ಅದಕ್ಕೇ ಹೋಗುತ್ತದೆ.

ಹೆಂಡತಿಯವರ ಪ್ರಶ್ನೆಗೆ ನೀವೇ ಉತ್ತರ ಕೊಡಬೇಕು. ನಾನು ಇಷ್ಟು ಹೇಳಬಲ್ಲೆ: ಎರಡು ತಿಂಗಳನ್ನು ಒಂದೇ ರಾತ್ರಿಯ ಮೇಲೆ ಕಟ್ಟಿದರೆ ಯಾರಿಗಾದರೂ ಬೇಜಾರಾಗುತ್ತದೆ, ಆಟವಾದರೂ ಅಷ್ಟೇ. ಬೇಜಾರು ಅತಿಯಾಗಿಲ್ಲ, ಕಟ್ಟಿದ ರೀತಿ ಸರಿಯಿಲ್ಲ. ನಿದ್ದೆ ಕೆಡುವುದು ವಾರಗಟ್ಟಲೆ ಮುಂದುವರಿದರೆ ಮಾತ್ರ ಸ್ವಲ್ಪ ದಿನ ರೇಸ್ ಬಿಟ್ಟು ನೋಡಿ, ಆಗಲೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ.

ಉಪಕರಣದ ವಿಷಯ ಬೇಗ ಮುಗಿಸುತ್ತೇನೆ. ಲೋಡ್ ಸೆಲ್ ಪೆಡಲ್ ಎಷ್ಟು ದೂರ ಒತ್ತಿದಿರಿ ಅನ್ನುವ ಬದಲು ಎಷ್ಟು ಬಲದಿಂದ ಒತ್ತಿದಿರಿ ಅಂತ ಅಳೆಯುತ್ತದೆ. ಬಲವನ್ನು ಕಾಲು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಬ್ರೇಕಿಂಗ್ ಹೆಚ್ಚು ಸಮನಾಗುತ್ತದೆ. ದುಡ್ಡು ಹಾಕಲೇಬೇಕು ಅಂದರೆ ಮೊದಲು ಅಲ್ಲಿ ಹಾಕಿ. ಡೈರೆಕ್ಟ್ ಡ್ರೈವ್ ವೀಲ್ ಸೊಗಸಾದ ವಸ್ತು, ಆದರೆ ನಿಮ್ಮ ಎರಡೂ ಅಪಘಾತಕ್ಕೂ ಅದಕ್ಕೂ ಸಂಬಂಧವಿಲ್ಲ. ಈಗಿರುವ ಉಪಕರಣದಲ್ಲೇ ನೀವು ಇಪ್ಪತ್ತು ಲ್ಯಾಪ್ ಅಷ್ಟು ಸಮನಾಗಿ ಓಡಿಸಿದ್ದೀರಿ. ವೈಫೈ ಬಿಟ್ಟು ಕೇಬಲ್ ಹಾಕಿ, ರೇಸ್ ಹೊತ್ತಿಗೆ ಮನೆಯ ಬೇರೆ ಡೌನ್‌ಲೋಡ್‌ಗಳನ್ನು ನಿಲ್ಲಿಸಿ. ಇದು ಅತಿ ಅಗ್ಗದ ಸುಧಾರಣೆ.

ಮೊಂಜಾಗೆ ಹೋಗಿ. ಆದರೆ ತಯಾರಿಯನ್ನು ಬದಲಾಯಿಸಿ. ಅಲ್ಲಿನ ಮೊದಲ ಶಿಕೇನ್ (ಒಂದರ ಹಿಂದೊಂದು ಬರುವ ಬಿಗಿ ತಿರುವುಗಳು) ಲಾ ಸೂರ್ಸ್‌ಗಿಂತಲೂ ಕಷ್ಟ. ಉದ್ದದ ನೇರ ರಸ್ತೆಯ ಪೂರ್ತಿ ವೇಗದಿಂದ ತುಂಬಾ ಕಡಿಮೆ ವೇಗಕ್ಕೆ ಇಳಿಯಬೇಕು. ಕಂಪ್ಯೂಟರೇ ಓಡಿಸುವ ಇಪ್ಪತ್ತಕ್ಕೂ ಹೆಚ್ಚು ಎಐ ಕಾರುಗಳನ್ನು ಹಾಕಿಕೊಂಡು ಹೊರಡುವ ಸಾಲಿನ ನಡುವಿನಿಂದ ಹೊರಡಿ, ಎರಡು ಲ್ಯಾಪ್ ಓಡಿಸಿ, ರೀಸ್ಟಾರ್ಟ್ ಮಾಡಿ. ಪ್ರಾಕ್ಟೀಸ್‌ನ ಅರ್ಧ ಹೊತ್ತು ಇದಕ್ಕೇ ಇರಲಿ. ಎಐ ಕಾರುಗಳು ಮನುಷ್ಯರ ಹಾಗೆ ಗಾಬರಿಯಾಗುವುದಿಲ್ಲ, ಅದು ಇದರ ಕೊರತೆ. ಆದರೆ ತಣ್ಣನೆಯ ಟೈರು, ತುಂಬಿದ ಟ್ಯಾಂಕು, ಮುಂದೆ ಸಾಲುಗಟ್ಟಿದ ಕಾರು, ಇವು ಅಭ್ಯಾಸವಾಗುತ್ತವೆ. ಕೆಲವು ಸಲ ಬೇಕೆಂದೇ ಕೊನೆಯವರಾಗಿ ಹೊರಟು ಹತ್ತು ಲ್ಯಾಪ್‌ನಲ್ಲಿ ಎಷ್ಟು ಮುಂದೆ ಬರಬಹುದು ಅಂತ ನೋಡಿ. ಶಿಕೇನ್ ತಪ್ಪಿದರೆ ನೇರ ಹೋಗಲು 'ಎಸ್ಕೇಪ್ ರೋಡ್' ಇದೆ. ಅಲ್ಲಿಂದ ಎಲ್ಲಿ ಹೇಗೆ ಟ್ರ್ಯಾಕ್‌ಗೆ ಮರಳಬೇಕು ಅಂತ ಲೀಗ್ ನಿಯಮದಲ್ಲಿ ಓದಿ, ಎರಡು ಮೂರು ಸಲ ಬೇಕೆಂದೇ ಆ ದಾರಿಯಲ್ಲಿ ಹೋಗಿ ಬನ್ನಿ. ರೇಸ್ ದಿನ ಮತ್ತೆ 4ನೇ ಸ್ಥಾನ ಸಿಕ್ಕರೆ, ಮೊದಲ ಶಿಕೇನ್‌ಗೆ ಒಂದು ಕಾರಿನಷ್ಟು ಮೊದಲೇ ಬ್ರೇಕ್ ಹಾಕಿ. ತೀರಾ ಬೇಗ ಹಾಕಿದರೆ ಹಿಂದಿನವರಿಗೆ ಅದೇ ಆಶ್ಚರ್ಯ ಆಗುತ್ತದೆ, ಹಾಗಾಗಿ ಸ್ವಲ್ಪ ಮಾತ್ರ, ಮತ್ತು ಮೆಲ್ಲಗೆ ಶುರುಮಾಡಿ. ಒಂದೆರಡು ಸ್ಥಾನ ಹೋಗಬಹುದು. ನಿಮ್ಮ ಇಪ್ಪತ್ತು ಲ್ಯಾಪ್‌ಗಳನ್ನು ನೋಡಿದರೆ, ಹತ್ತನೇ ಲ್ಯಾಪ್ ಹೊತ್ತಿಗೆ ಅವು ವಾಪಸ್ ಬರುತ್ತವೆ ಅಂತ ನನಗೆ ಅನಿಸುತ್ತದೆ. ರೇಸ್ ಮುಗಿದ ಮೇಲೆ ಎಷ್ಟನೆಯವರಾದಿರಿ ಅನ್ನುವುದರ ಜೊತೆ ಲ್ಯಾಪ್ ಸಮಯಗಳ ಪಟ್ಟಿಯನ್ನೂ ಕಳಿಸಿ.